ಸಂಬಳಕ್ಕೆ ಕೇಳುವ ಕಿವಿ

ಫೋನಿನ ಒಂದೇ ತುದಿಯನ್ನು ತೋರಿಸುವ ಚಿತ್ರವನ್ನು ನಲವತ್ತು ನಿಮಿಷ ಹೇಗೆ ನೋಡುವುದು ಎಂಬ ಅನುಮಾನ ಇಟ್ಟುಕೊಂಡೇ ‘ಕ್ರೈಸಿಸ್ ಹಾಟ್‌ಲೈನ್: ವೆಟರನ್ಸ್ ಪ್ರೆಸ್ 1’ ಎಂಬ ಸಾಕ್ಷ್ಯಚಿತ್ರ ಹಾಕಿಕೊಂಡು ಕೂತೆ. 2013ರ ನವೆಂಬರ್ 11ರಂದು, ಅಮೆರಿಕ ತನ್ನ ಮಾಜಿ ಸೈನಿಕರಿಗೆ ಮೀಸಲಿಟ್ಟ ದಿನ, ಎಚ್‌ಬಿಒದಲ್ಲಿ ಬಂದ ಚಿತ್ರ ಇದು. ನಿರ್ದೇಶಕಿ ಎಲೆನ್ ಗೂಸನ್‌ಬರ್ಗ್ ಕೆಂಟ್, ನಿರ್ಮಾಪಕಿ ಡೇನಾ ಪೆರಿ. ನ್ಯೂಯಾರ್ಕ್ ರಾಜ್ಯದ ಕೆನಂಡೇಗ್ವಾ ಎಂಬ ಸರೋವರದ ದಂಡೆಯ ಸಣ್ಣ ಊರು. ಅಲ್ಲಿನ ಮಾಜಿ ಸೈನಿಕರ ಆಸ್ಪತ್ರೆಯ ಆವರಣದಲ್ಲೊಂದು ಫೋನ್ ಕೇಂದ್ರ. ಸಾಯುವ ಯೋಚನೆಯಲ್ಲಿರುವ ಮಾಜಿ ಸೈನಿಕರು, ಅವರ ಹೆಂಡತಿ, ತಾಯಿ, ಗೆಳೆಯರು ಹಗಲು ರಾತ್ರಿ ಇಲ್ಲಿಗೆ ಕರೆ ಮಾಡುತ್ತಾರೆ. ಕ್ಯಾಮೆರಾ ಆ ಕೇಂದ್ರ ಬಿಟ್ಟು ಹೆಚ್ಚು ಕದಲುವುದಿಲ್ಲ. ಕರೆ ಮಾಡಿದವರ ಗುಟ್ಟು ಗುಟ್ಟಾಗಿಯೇ ಇರಲೆಂದು ಅವರ ದನಿಯನ್ನು ಕೇಳಿಸಿಯೇ ಇಲ್ಲ. ನಮಗೆ ಸಿಗುವುದು ತಲೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತವರ ಮುಖ, ಅವರ ಪ್ರಶ್ನೆ, ಪ್ರಶ್ನೆ ಕೇಳಿದ ಮೇಲೆ ಅವರು ಕಾಯುವ ಕಾಯುವಿಕೆ. ಅತ್ತಲಿಂದ ಏನು ಉತ್ತರ ಬಂತೆಂಬುದನ್ನು ಅವರ ಹುಬ್ಬು, ತುಟಿ, ಪೆನ್ನು ಹಿಡಿದ ಬೆರಳು ನೋಡಿ ಊಹಿಸಿಕೊಳ್ಳಬೇಕು. ಹೀಗೆ ಊಹಿಸುತ್ತಾ ಹೋದರೆ ನಲವತ್ತು ನಿಮಿಷ ಕಡಿಮೆಯಲ್ಲ, ಜಾಸ್ತಿಯೇ.

ಆಮೇಲೆ ವಾರಗಟ್ಟಲೆ ನನ್ನನ್ನು ಕೊರೆದದ್ದು ಮಾತ್ರ ಚಿತ್ರದ ಯಾವ ದೃಶ್ಯವೂ ಅಲ್ಲ, ಆ ಕೆಲಸದ ಸ್ವರೂಪ. ಒಬ್ಬ ಮನುಷ್ಯನ ಜೊತೆ ಒಂದೂವರೆ ಗಂಟೆ ಮಾತನಾಡುತ್ತೀರಿ. ಅವನ ಮಕ್ಕಳ ಹೆಸರು, ನಾಯಿಯ ಹೆಸರು, ಕೆಲಸ ಹೋದದ್ದು ಯಾವಾಗ, ಎಲ್ಲ ಗೊತ್ತಾಗುತ್ತದೆ. ಕೊನೆಗೆ ಪೊಲೀಸರು ಅವನ ಬಾಗಿಲು ತಟ್ಟುವ ಸದ್ದು ಕೇಳಿಸುತ್ತದೆ, ಅಥವಾ ಅವನೇ ಮಲಗುತ್ತೇನೆ ಎನ್ನುತ್ತಾನೆ. ಫೋನು ಕಟ್ ಆಗುತ್ತದೆ. ಮುಂದೆ ಅವನು ಏನಾದ ಎಂಬುದು ಸಾಮಾನ್ಯವಾಗಿ ನಿಮಗೆ ತಿಳಿಯುವುದಿಲ್ಲ. ನೀರು ಕುಡಿದು ಬಂದು ಮುಂದಿನ ಕರೆ ಎತ್ತಿಕೊಳ್ಳಬೇಕು. ಫಲ ಕೈಗೆ ಸಿಗದ ಕೆಲಸಗಳು ಬೇಕಾದಷ್ಟಿವೆ, ಮೇಷ್ಟರ ಕೆಲಸವೂ ಅಂಥದ್ದೇ ಎನ್ನಬಹುದು. ಆದರೆ ಮೇಷ್ಟರಿಗೆ ಹುಡುಗ ಇಪ್ಪತ್ತು ವರ್ಷದ ಮೇಲಾದರೂ ಬಸ್ ನಿಲ್ದಾಣದಲ್ಲಿ ಸಿಕ್ಕಿ ನಮಸ್ಕಾರ ಹೇಳುತ್ತಾನೆ. ಇಲ್ಲಿ ಆ ಬಸ್ ನಿಲ್ದಾಣವೂ ಇಲ್ಲ.

2015ರ ಫೆಬ್ರವರಿಯಲ್ಲಿ ಈ ಚಿತ್ರಕ್ಕೆ ಕಿರು ಸಾಕ್ಷ್ಯಚಿತ್ರ ವಿಭಾಗದ ಆಸ್ಕರ್ ಬಂತು. ವೇದಿಕೆ ಹತ್ತಿದ ಡೇನಾ ಪೆರಿ, ಆತ್ಮಹತ್ಯೆಯಿಂದ ಕಳೆದುಕೊಂಡ ತನ್ನ ಮಗನ ಹೆಸರು ಹೇಳಿ ಪ್ರಶಸ್ತಿಯನ್ನು ಅವನಿಗೆ ಅರ್ಪಿಸಿದರು. ಈ ವಿಷಯವನ್ನು ನಾವು ಬಾಯಿಬಿಟ್ಟು ಮಾತನಾಡಬೇಕು ಎಂದರು. ಮಗ ಹೋದಾಗ ಅವನಿಗೆ ಹದಿನೈದು ವರ್ಷ. ಆಕೆ ವೇದಿಕೆ ಇಳಿಯುತ್ತಿದ್ದಂತೆ ನಿರೂಪಕ ಆಕೆಯ ಉಡುಪಿನ ಮೇಲೊಂದು ಪೋಲಿ ಜೋಕು ಹಾರಿಸಿದ. ಮಾತು ಕಿವಿಗೆ ಬೀಳುವ ಮೊದಲೇ ಜೋಕು ತಯಾರಾಗಿತ್ತು ಅನಿಸುತ್ತದೆ. ಅದನ್ನು ಕ್ರೌರ್ಯ ಎನ್ನಲಾರೆ. ಒಂದು ಸಭಾಂಗಣ ತುಂಬ ಜನ ಇದ್ದರೂ ಕೇಳಿಸಿಕೊಳ್ಳುವುದು ಯಾರ ಪಾಲಿನ ಕೆಲಸವೂ ಆಗಿರಲಿಲ್ಲ, ಅಷ್ಟೇ.

ಒಂದನ್ನು ಒತ್ತುವುದು

ಚಿತ್ರದ ಹೆಸರಿನಲ್ಲಿರುವ ಆ ‘1’ ನೋಡಲು ಸಣ್ಣದು. ಸಾರ್ವಜನಿಕರೆಲ್ಲರಿಗೂ ಇದ್ದ ಒಂದೇ ಆತ್ಮಹತ್ಯೆ ತಡೆ ಸಹಾಯವಾಣಿಗೆ ಕರೆ ಮಾಡಿದರೆ ಮೊದಲು ಧ್ವನಿಮುದ್ರಿಕೆ ಬರುತ್ತದೆ: ನೀವು ಮಾಜಿ ಸೈನಿಕರಾಗಿದ್ದರೆ ಒಂದನ್ನು ಒತ್ತಿ. 2007ರಲ್ಲಿ ಮಾಜಿ ಸೈನಿಕರ ಇಲಾಖೆ ಈ ವ್ಯವಸ್ಥೆ ತಂದಿತು. 2022ರ ಜುಲೈ 16ರಿಂದ ಆ ಹತ್ತಂಕಿಯ ಸಂಖ್ಯೆಯ ಬದಲು 988 ಒತ್ತಿದರೆ ಸಾಕು, ಆಮೇಲೆ ಮತ್ತದೇ ಒಂದು. ಆ ಗುಂಡಿ ಒತ್ತುವವನು ಏಕಕಾಲಕ್ಕೆ ಎರಡನ್ನು ಒಪ್ಪಿಕೊಳ್ಳುತ್ತಿದ್ದಾನೆ. ನಾನು ಸೈನಿಕ. ನನ್ನ ಕೈಯಲ್ಲಿ ಆಗುತ್ತಿಲ್ಲ. ಯಾವ ಸೈನ್ಯದ ತರಬೇತಿಯೂ ಈ ಎರಡು ವಾಕ್ಯಗಳು ಒಂದೇ ಬಾಯಲ್ಲಿ ಬರಲು ಬಿಡುವುದಿಲ್ಲ.

ಆ ಹೊತ್ತಿಗೆ ಅಮೆರಿಕದಲ್ಲಿ ‘ದಿನಕ್ಕೆ ಇಪ್ಪತ್ತೆರಡು’ ಎಂಬ ಲೆಕ್ಕ ಎಲ್ಲರ ಬಾಯಲ್ಲಿತ್ತು, ದಿನವೊಂದಕ್ಕೆ ಆತ್ಮಹತ್ಯೆ ಮಾಡಿಕೊಳ್ಳುವ ಮಾಜಿ ಸೈನಿಕರ ಸಂಖ್ಯೆ. ಇಲಾಖೆ 2012ರಲ್ಲಿ 21 ರಾಜ್ಯಗಳ ಮರಣ ದಾಖಲೆ ನೋಡಿ ಮಾಡಿದ ಅಂದಾಜು ಅದು. ಆಮೇಲೆ ಹೆಚ್ಚು ದಾಖಲೆ ಸೇರಿಸಿ ತೆಗೆದ ಲೆಕ್ಕಗಳು ಹದಿನೇಳು ಹದಿನೆಂಟರ ಆಸುಪಾಸಿಗೆ ಇಳಿದವು. ಆದರೂ ಇಪ್ಪತ್ತೆರಡೇ ಗಟ್ಟಿಯಾಗಿ ನಿಂತಿತು. 2016ರಲ್ಲಿ ಸಿನಿಮಾ ನಟರಿಂದ ಹಿಡಿದು ಕಾಲೇಜು ಹುಡುಗರವರೆಗೆ ಇಪ್ಪತ್ತೆರಡು ದಂಡ ಹೊಡೆದು ವಿಡಿಯೊ ಹಾಕಿದರು. ದಂಡ ಹೊಡೆಯುವುದು ಸುಲಭ, ರಾತ್ರಿ ಎರಡಕ್ಕೆ ಫೋನ್ ಎತ್ತುವುದು ಕಷ್ಟ ಎಂದು ಗೊಣಗಬೇಕೆನಿಸುತ್ತದೆ, ಇರಲಿ. ಅದಕ್ಕಿಂತ ಮುಖ್ಯವಾದದ್ದು ಅದೇ 2012ರ ವರದಿಯ ಒಳಗಿತ್ತು. ಹೀಗೆ ಸತ್ತವರಲ್ಲಿ ಮೂರನೇ ಎರಡರಷ್ಟು ಮಂದಿ ಐವತ್ತು ದಾಟಿದವರು. ಇರಾಕಿನಿಂದ ಮೊನ್ನೆ ಬಂದ ತರುಣನ ಚಿತ್ರ ನಮ್ಮ ಕಣ್ಣ ಮುಂದೆ ಬರುತ್ತದೆ, ಲೆಕ್ಕದಲ್ಲಿ ಮಾತ್ರ ಯಾವುದೋ ಹಳೆಯ ಕಾಲದಲ್ಲಿ ಸಮವಸ್ತ್ರ ಕಳಚಿಟ್ಟ ನಡುವಯಸ್ಸಿನವರು, ಮುದುಕರು. ಯುದ್ಧ ಮುಗಿದು ಮೂವತ್ತು ವರ್ಷವಾದ ಮೇಲೆ ಫೋನು ಬರಬಹುದು.

ಗೋಡೆಯ ಪಕ್ಕದ ಸ್ಟೂಲು

ಇಷ್ಟು ಓದುವಾಗ ನನಗೆ ನೆನಪಾದದ್ದು ಹಾಸನದ ನಮ್ಮ ಬಾಡಿಗೆ ಮನೆಯ ನಡುಕೋಣೆ. ಗೋಡೆಗೆ ಹೊಡೆದ ಪುಟ್ಟ ಹಲಗೆಯ ಮೇಲೆ ಲ್ಯಾಂಡ್‌ಲೈನ್ ಫೋನು, ಅದರ ಮೇಲೆ ಅಮ್ಮ ಹೆಣೆದ ಕ್ರೋಶಾ ಹೊದಿಕೆ, ಪಕ್ಕದಲ್ಲಿ ಒಂದು ಮರದ ಸ್ಟೂಲು. ರಾತ್ರಿ ಎಸ್‌ಟಿಡಿ ದರ ಇಳಿಯುವುದನ್ನು ಕಾದು ಶನಿವಾರಸಂತೆಯ ಕಡೆಯಿಂದ ಮಾವ ಫೋನ್ ಮಾಡುತ್ತಿದ್ದರು. ಅಮ್ಮನ ಕೊನೆಯ ತಮ್ಮ. ಸೇನೆಯ ಇಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದವರು, ಬೆಂಗಳೂರಿನ ಹಲಸೂರು ಕೆರೆಯ ಪಕ್ಕದ ಆ ಕೇಂದ್ರದಲ್ಲೇ ತರಬೇತಿ ಪಡೆದು, 1987ರಲ್ಲಿ ಭಾರತ ಕಳಿಸಿದ ಶಾಂತಿಪಡೆಯ ಜೊತೆ ಶ್ರೀಲಂಕಾಕ್ಕೆ ಹೋದವರು. ನೆಲಬಾಂಬು ತೆಗೆಯುವುದು ಅವರ ಕೆಲಸವಾಗಿತ್ತು. ಆ ಸೇನೆಯ ಕಥೆ ಗೊತ್ತಿರುವುದೇ. ಸಾವಿರಕ್ಕೂ ಹೆಚ್ಚು ಮಂದಿಯನ್ನು ಅಲ್ಲಿ ಕಳೆದುಕೊಂಡು 1990ರ ಮಾರ್ಚಿನಲ್ಲಿ ಕೊನೆಯ ತುಕಡಿ ಮದ್ರಾಸಿಗೆ ಬಂದಿಳಿದಾಗ, ತಮಿಳುನಾಡಿನ ಮುಖ್ಯಮಂತ್ರಿ ಕರುಣಾನಿಧಿ ಸ್ವಾಗತಕ್ಕೆ ಹೋಗಲಿಲ್ಲ. ಮಾವ ಅದಕ್ಕೂ ಮುಂಚೆಯೇ ವಾಪಸು ಬಂದಿದ್ದರು. ಜವಾನರಿಗೆಲ್ಲ ಆಗುವಂತೆ ನಲವತ್ತಾಗುವ ಮೊದಲೇ ನಿವೃತ್ತಿ. ಬ್ಯಾಂಕೊಂದರಲ್ಲಿ ಕೋವಿ ಹಿಡಿದು ಬಾಗಿಲು ಕಾಯುವ ಕೆಲಸ ಸಿಕ್ಕಿತು, ಅದು ಸರಿಬರಲಿಲ್ಲ, ಬಿಟ್ಟು ಎರಡೂವರೆ ಎಕರೆ ಕಾಫಿ ತೋಟಕ್ಕೆ ಬಂದರು. ರಜೆಯಲ್ಲಿ ಹೋದಾಗ ನಾನು ಗಮನಿಸಿದ್ದ ಒಂದು ಸಂಗತಿ: ತಮ್ಮದೇ ತೋಟದಲ್ಲಿ ಮಾವ ಸವೆದ ಕಾಲುದಾರಿ ಬಿಟ್ಟು ಹುಲ್ಲಿನ ಮೇಲೆ ಕಾಲಿಡುತ್ತಿರಲಿಲ್ಲ. ಚೆಂಡು ಗಿಡಗಳ ನಡುವೆ ಉರುಳಿ ಹೋದರೆ ದಾರಿಯಲ್ಲೇ ನಿಂತು ದೋಟಿಯಿಂದ ಎಳೆದುಕೊಡುತ್ತಿದ್ದರು. ಮನೆಯಲ್ಲಿ ಯಾರೂ ಅದರ ಬಗ್ಗೆ ಮಾತನಾಡುತ್ತಿರಲಿಲ್ಲ. ಹಾವಿನ ಹೆದರಿಕೆ ಎಂದು ಅತ್ತೆ ಒಮ್ಮೆ ಹೇಳಿದ್ದುಂಟು.

ನಾನು ಕೇಳಿಸಿಕೊಂಡಿದ್ದೂ ಫೋನಿನ ಒಂದು ತುದಿಯನ್ನು ಮಾತ್ರ. “ಹೂಂ.” “ಹೌದಾ?” “ಆಮೇಲೆ?” “ಮಳೆ ಬಂತಾ?” “ಹೂಂ.” ನಡುವೆ ಉದ್ದುದ್ದ ಮೌನ, ಅಮ್ಮ ಫೋನಿನ ಸುರುಳಿ ವೈರನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು. ಪಕ್ಕದ ಕೋಣೆಯಲ್ಲಿ ನಿದ್ದೆ ಬಂದಂತೆ ಮಲಗಿ ನಾನು ಆ ಮೌನಗಳನ್ನು ಎಣಿಸುತ್ತಿದ್ದೆ. ಕಾಫಿ ಬೆಲೆ ಕುಸಿದದ್ದಕ್ಕೆ ಇಷ್ಟು ಹೊತ್ತು ಹೂಂಗುಟ್ಟಬೇಕಾ ಎಂದು ಅಪ್ಪ ಗೊಣಗಿದರೆ ಅಮ್ಮ ಉತ್ತರ ಕೊಡುತ್ತಿರಲಿಲ್ಲ. ಪ್ರತಿ ಕರೆಯೂ ಒಂದೇ ಮಾತಿನಿಂದ ಮುಗಿಯುತ್ತಿತ್ತು: “ನಾಳೆ ಮಾಡು.”

1999ರ ಬೇಸಿಗೆಯಲ್ಲಿ ಕಾರ್ಗಿಲ್ ಶುರುವಾಯಿತು. ಟಿವಿಯಲ್ಲಿ ಹಗಲಿಡೀ ಫಿರಂಗಿ, ಊರೂರಲ್ಲಿ ಸೈನಿಕರ ಹೆಸರಿನಲ್ಲಿ ಮೆರವಣಿಗೆ. ಮಾವನನ್ನೂ ಶಾಲೆಯವರು ಕರೆದು ಶಾಲು ಹೊದಿಸಿದರಂತೆ. ಅದಾದ ಮೇಲೆ ಫೋನುಗಳು ಉದ್ದವಾದವು. ಸೆಪ್ಟೆಂಬರಿನಲ್ಲಿ ಲೋಕಸಭೆ, ವಿಧಾನಸಭೆ ಎರಡಕ್ಕೂ ಚುನಾವಣೆ. ಚುನಾವಣೆ ಬಂದರೆ ಪರವಾನಗಿ ಇರುವ ಕೋವಿಗಳನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕಲ್ಲ, ಮಾವ ಬೆಳೆ ಕಾಯಲು ಇಟ್ಟುಕೊಂಡಿದ್ದ ಕೋವಿಯೂ ಹೋಗಿತ್ತು. ಎಣಿಕೆ ಮುಗಿದು ಜನ ತಮ್ಮ ತಮ್ಮ ಕೋವಿ ಬಿಡಿಸಿಕೊಂಡು ಬರುತ್ತಿದ್ದ ದಿನಗಳಲ್ಲಿ ಒಂದು ರಾತ್ರಿ ಅಮ್ಮ ಎಂದಿಗಿಂತ ಸಣ್ಣ ದನಿಯಲ್ಲಿ ಮಾತನಾಡಿದಳು. “ಅದನ್ನು ಈಗಲೇ ತರಬೇಡ.” ಮೌನ. “ಅಲ್ಲೇ ಇರಲಿ ಬಿಡು, ಯಾರು ಕೇಳುತ್ತಾರೆ?” ಮೌನ. “ಹಂದಿ ಬಂದರೆ ಪಟಾಕಿ ಹೊಡಿ. ನಾನು ದುಡ್ಡು ಕಳಿಸುತ್ತೇನೆ, ಪಟಾಕಿ ತಗೋ.” ಆಮೇಲೆ ಬಹಳ ಹೊತ್ತು ಏನೂ ಇಲ್ಲ. ವೈರು ಸುತ್ತುವ ಬೆರಳೂ ನಿಂತಿತ್ತು. ಆಮೇಲೆ, “ನೀನು ಸಾಯುವ ಯೋಚನೆ ಮಾಡುತ್ತಿದ್ದೀಯೇನೋ?”

ಆ ಪ್ರಶ್ನೆ ನನ್ನ ಬೆನ್ನಿಗೆ ತಣ್ಣೀರು ಎರಚಿದಂತಾಯಿತು. ಮಾರನೆಯ ದೀಪಾವಳಿಗೆ ಆ ಮನೆಯಲ್ಲಿ ಬೇಕಾದಷ್ಟು ಪಟಾಕಿ ಇತ್ತು, ಕೋವಿ ಇರಲಿಲ್ಲ. ಅತ್ತೆಯ ಅಣ್ಣ ಓಡಾಡಿ ಅದನ್ನು ಮಾರಿಸಿದರು ಎಂದು ಬಹಳ ತಡವಾಗಿ ಗೊತ್ತಾಯಿತು. ಮಾವ ಈಗ ಅರುವತ್ತು ದಾಟಿ ಚೆನ್ನಾಗಿದ್ದಾರೆ, ಮಂಡಿನೋವಿನ ವಿಷಯ ಬಿಟ್ಟರೆ ಬೇರೆ ದೂರಿಲ್ಲ. ಹುಲ್ಲಿನ ಮೇಲೆ ಈಗ ನಡೆಯುತ್ತಾರೋ ಇಲ್ಲವೋ ನೋಡಿಲ್ಲ.

ಕೆನಂಡೇಗ್ವಾದಲ್ಲಿ ಕೂತವರಿಗೆ ಕಲಿಸುವುದೂ ಹೆಚ್ಚುಕಡಿಮೆ ಇದನ್ನೇ. ಸುತ್ತಿ ಬಳಸಿ ಕೇಳಬೇಡ, ಸಾಯುವ ಯೋಚನೆ ಇದೆಯಾ ಎಂದು ನೇರ ಕೇಳು. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ಸುಳ್ಳು, ಕೇಳಿದ್ದಕ್ಕೆ ಜನರಿಗೆ ಭಾರ ಇಳಿದಂತಾಗುತ್ತದೆ ಎಂದು ಅಧ್ಯಯನಗಳು ಹೇಳಿವೆ. ಎರಡನೆಯ ಪ್ರಶ್ನೆ, ಬಂದೂಕು ಎಲ್ಲಿದೆ? ಅಲ್ಲಿ ಹೀಗೆ ಸಾಯುವ ಮಾಜಿ ಸೈನಿಕರಲ್ಲಿ ನೂರಕ್ಕೆ ಎಪ್ಪತ್ತರಷ್ಟು ಮಂದಿಯ ಕೈಗೆ ಸಿಕ್ಕಿದ್ದು ಬಂದೂಕು. ಹಾಗಾಗಿ ಗುಂಡು ಬೇರೆ ಕೋಣೆಯಲ್ಲಿಡು, ಕಾರಿನ ಡಿಕ್ಕಿಯಲ್ಲಿ ಹಾಕಿ ಬೀಗ ಹಾಕು, ಪಕ್ಕದ ಮನೆಯವರಿಗೆ ಕೊಡು ಎಂದು ಚೌಕಾಸಿ ಮಾಡಿದ ಹಾಗೆ ಒಂದೊಂದೇ ಹೆಜ್ಜೆ ದೂರ ಸರಿಸುತ್ತಾ ಹೋಗುತ್ತಾರೆ. ಸಾಯಬೇಕೆನ್ನುವ ತೀವ್ರತೆ ಅಲೆಯಂತೆ ಬಂದು ಇಳಿಯುತ್ತದೆ, ಆ ಹೊತ್ತಿಗೆ ಸಾಧನ ಕೈಯಳತೆಯಲ್ಲಿ ಇಲ್ಲದಿದ್ದರೆ ಎಷ್ಟೋ ಜೀವ ಉಳಿಯುತ್ತವೆ. ಕರೆ ಮುಗಿದ ಮೇಲೆ, ಒಪ್ಪಿದವರ ಹೆಸರು ಅವರ ಊರಿನ ಆಸ್ಪತ್ರೆಗೆ ಹೋಗುತ್ತದೆ. ಅಲ್ಲಿನವರು ಮುಂದಿನ ಕೆಲಸದ ದಿನದೊಳಗೆ ಫೋನ್ ಮಾಡಬೇಕು. ಅಮ್ಮನ ‘ನಾಳೆ ಮಾಡು’ ಇದರ ಹಳ್ಳಿಯ ಆವೃತ್ತಿ ಎಂದು ಬರೆದುಬಿಡುವ ಆಸೆ ನನಗೂ ಆಯಿತು. ಬರೆದು ನೋಡಿದೆ. ಸರಿ ಅನ್ನಿಸಲಿಲ್ಲ.

ಪಾಳಿ

ಯಾಕೆಂದರೆ ಆ ಹೋಲಿಕೆಯ ಹಿಂದೆಯೇ ನಮಗೆ ಬಹಳ ಹಿತವಾದ ಒಂದು ಮಾತು ಬರುತ್ತದೆ. ಅವರಿಗೆ ಹಾಟ್‌ಲೈನು, ನಮಗೆ ಮನೆ. ಅಲ್ಲಿ ಸಂಬಳ ಕೊಟ್ಟು ಕಿವಿ ತರಿಸಬೇಕು, ಇಲ್ಲಿ ಅಕ್ಕ ಇದ್ದಾಳೆ. ಮದುವೆ ಮನೆಯಲ್ಲಿ ಈ ಚಿತ್ರದ ಮಾತು ತೆಗೆದಾಗ ನೆಂಟರೊಬ್ಬರು ನಿಖರವಾಗಿ ಇದನ್ನೇ ಅಂದರು. ಅವರು ಅಂದಿದ್ದು ಕೇಳಿದ ಮೇಲೆಯೇ ನನಗೆ ನಿಜವಾಗಿ ಸಿಟ್ಟು ಬಂದದ್ದು.

ಚಿತ್ರದಲ್ಲಿ ಕಣ್ಣಿಟ್ಟು ನೋಡಬೇಕಾದದ್ದು ಫೋನಿನಲ್ಲಿರುವವರ ಅಕ್ಕಪಕ್ಕ. ಒಬ್ಬರು ಮಾತನಾಡುತ್ತಿರುವಾಗ ಅವರೊಬ್ಬರೇ ಅಲ್ಲ. ಕಷ್ಟದ ಕರೆ ಎಂದು ಸನ್ನೆ ಸಿಕ್ಕರೆ ಇನ್ನೊಬ್ಬರು ಎದ್ದು ಆ ಊರಿನ ಪೊಲೀಸರನ್ನೋ ಆಂಬುಲೆನ್ಸನ್ನೋ ಹಿಡಿಯುತ್ತಾರೆ. ಇದು ಸಲೀಸಲ್ಲ: ಮೊಬೈಲಿನವನು ಎಲ್ಲಿದ್ದಾನೆಂದು ಹುಡುಕಬೇಕು, ಬಂದೂಕು ಇರುವ ಮನೆಗೆ ಬಂದೂಕು ಹಿಡಿದ ಪೊಲೀಸರನ್ನೇ ಕಳಿಸಬೇಕು, ಬಾಗಿಲು ತೆರೆಯುವಾಗ ಕೈ ಖಾಲಿ ಇರಲಿ ಎಂದು ಫೋನಿನಲ್ಲಿ ಇವನಿಗೆ ಹೇಳಿ ಒಪ್ಪಿಸಬೇಕು. ಮೇಲ್ವಿಚಾರಕರು ಬೆನ್ನ ಹಿಂದೆ ಬಂದು ನಿಲ್ಲುತ್ತಾರೆ. ಕರೆ ಮುಗಿದ ಮೇಲೆ ಏನಾಯಿತೆಂದು ಹೇಳಿಕೊಳ್ಳಲು ಒಬ್ಬರು ಇದ್ದಾರೆ. ಗಂಟೆ ಹೊಡೆದರೆ ಪಾಳಿ ಮುಗಿಯುತ್ತದೆ, ಆ ಕುರ್ಚಿಗೆ ಬೇರೆ ಕಿವಿ ಬರುತ್ತದೆ. ಫಲ ಗೊತ್ತಾಗದ ಆ ಕೆಲಸವನ್ನು ವರ್ಷಗಟ್ಟಲೆ ಮಾಡಲು ಸಾಧ್ಯವಾಗುವುದು ಎದೆಗಾರಿಕೆಯಿಂದ ಅಂತ ನನಗೆ ಮೊದಲು ಅನ್ನಿಸಿತ್ತು. ಎರಡನೆಯ ಸಲ ನೋಡಿದಾಗ ಪಾಳಿಯಿಂದ ಅನ್ನಿಸಿತು.

ಅಮ್ಮನಿಗೆ ಪಾಳಿ ಇರಲಿಲ್ಲ. ಕೋವಿಯ ಮಾತಾದ ಆ ರಾತ್ರಿ ಫೋನಿಟ್ಟು ಅವಳು ಸೀದಾ ಅಡುಗೆಮನೆಗೆ ಹೋಗಿ ಹಾಲಿಗೆ ಹೆಪ್ಪು ಹಾಕಿದಳು, ಬೆಳಿಗ್ಗೆ ಐದೂವರೆಗೆ ಎದ್ದು ನಮ್ಮ ಡಬ್ಬಿ ಕಟ್ಟಿದಳು. ಯಾರಿಗೂ ಹೇಳಲಿಲ್ಲ. ಅಪ್ಪನಿಗೂ ಹೇಳಿರಲಿಲ್ಲವಂತೆ, ಹೇಳಿದರೆ ತಮ್ಮನ ಮರ್ಯಾದೆ ಹೋಗುತ್ತದೆ ಎಂದು. ಹೊರಗೆ ಗೊತ್ತಾದರೆ ಇನ್ನೂ ಕಷ್ಟ. ಆಗ ನಮ್ಮಲ್ಲಿ ಆತ್ಮಹತ್ಯೆಗೆ ಯತ್ನಿಸುವುದು ಅಪರಾಧ. 2017ರ ಮಾನಸಿಕ ಆರೋಗ್ಯ ಕಾಯ್ದೆ ಬಂದು ಅಂಥವರಿಗೆ ಶಿಕ್ಷೆಯಲ್ಲ, ಆರೈಕೆ ಬೇಕು ಎನ್ನುವ ತನಕ ಠಾಣೆಯ ಹೆಸರು ಎತ್ತುವ ಹಾಗೂ ಇರಲಿಲ್ಲ. ಆ ವರ್ಷಗಳಲ್ಲಿ ಅಮ್ಮನಿಗೆ ತಲೆನೋವು ಇತ್ತು, ರಕ್ತದೊತ್ತಡದ ಮಾತ್ರೆ ಶುರುವಾಯಿತು, ರಾತ್ರಿ ಪಕ್ಕದ ಮನೆಯ ಫೋನ್ ಹೊಡೆದುಕೊಂಡರೂ ಎದ್ದು ಕೂರುತ್ತಿದ್ದಳು. ಅದಕ್ಕೂ ಇದಕ್ಕೂ ಸಂಬಂಧ ಇದೆ ಎಂದು ನಾನು ಸಾಧಿಸಲಾರೆ. ಆದರೆ ‘ಮನೆಯೇ ನಮ್ಮ ಸಹಾಯವಾಣಿ’ ಎಂದು ಹೆಮ್ಮೆಪಡುವವರು, ಆ ಸಹಾಯವಾಣಿಯ ಏಕೈಕ ನೌಕರಳಿಗೆ ವಾರದ ರಜೆ ಯಾವಾಗ ಎಂದು ಒಮ್ಮೆ ಕೇಳಬೇಕು.

ಸಂಸ್ಥೆಗಳನ್ನು ಕುರುಡಾಗಿ ನಂಬಿ ಅನ್ನುತ್ತಿಲ್ಲ. ಆಸ್ಕರ್ ಬಂದ ಮರುವರ್ಷವೇ, 2016ರ ಫೆಬ್ರವರಿಯಲ್ಲಿ, ಇಲಾಖೆಯದೇ ತನಿಖಾಧಿಕಾರಿಯ ವರದಿ ಹೊರಬಿತ್ತು: ಕೇಂದ್ರಕ್ಕೆ ಹೊರೆ ಹೆಚ್ಚಾಗಿ ಬೇರೆ ಕಡೆಗೆ ತಿರುಗಿಸಿದ ಕರೆಗಳಲ್ಲಿ ಕೆಲವು ವಾಯ್ಸ್‌ಮೇಲ್‌ಗೆ ಹೋಗಿದ್ದವು. ಸಾಯುವ ಮುನ್ನ ಒಂದನ್ನು ಒತ್ತಿದವನಿಗೆ ‘ಸಂದೇಶ ಬಿಡಿ’ ಎಂಬ ಯಂತ್ರದ ದನಿ. ಚಿತ್ರದಲ್ಲಿ ಇದರ ಸುಳಿವಿಲ್ಲ, ಅದು ಕುರ್ಚಿಯಲ್ಲಿ ಕೂತವರ ಚಿತ್ರ, ಸಿಗದೆ ಹೋದ ಕರೆಯ ಚಿತ್ರ ಅಲ್ಲ. ಈ ಕೊರತೆಯನ್ನು ನಾನು ಕ್ಷಮಿಸುವುದಿಲ್ಲ, ಆದರೂ ಒಂದು ಮಾತಿದೆ. ಸಂಸ್ಥೆ ತಪ್ಪಿದರೆ ತನಿಖೆ ಮಾಡಬಹುದು, ವರದಿ ಬರೆಯಬಹುದು, ಸಂಸತ್ತಿನಲ್ಲಿ ಕೂಗಾಡಬಹುದು, ಇನ್ನಷ್ಟು ಜನರನ್ನು ನೇಮಿಸಬಹುದು. ಅದೇ ವರ್ಷ ಅಟ್ಲಾಂಟಾದಲ್ಲಿ ಎರಡನೆಯ ಕೇಂದ್ರ, 2018ರಲ್ಲಿ ಕಾನ್ಸಸ್‌ನ ಟೊಪೀಕಾದಲ್ಲಿ ಮೂರನೆಯದು ತೆರೆದವು. ಅಕ್ಕ ಒಂದು ರಾತ್ರಿ ಫೋನ್ ಎತ್ತದೆ ಹೋದರೆ ವರದಿ ಬರುವುದಿಲ್ಲ. ಜನ್ಮವಿಡೀ ಅವಳೊಬ್ಬಳೇ ಅದನ್ನು ಹೊತ್ತುಕೊಳ್ಳುತ್ತಾಳೆ.

ನಮ್ಮಲ್ಲೂ ಈಗ ಸಂಖ್ಯೆ ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್, 14416. ಹಗಲು ರಾತ್ರಿ, ಕನ್ನಡದಲ್ಲೂ ಮಾತನಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ದೇಶಕ್ಕೆಲ್ಲ ಇದರ ಮೂಲಸ್ಥಾನ ನಮ್ಮ ಬೆಂಗಳೂರಿನ ನಿಮ್ಹಾನ್ಸ್. 2023ರ ಡಿಸೆಂಬರಿನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಸೈನ್ಯದವರಿಗೆಂದೇ ಒಂದು ಘಟಕವೂ ತೆರೆಯಿತು. ಮಾವನಿಗೆ ಹೇಳಿದೆ. ಬರೆದುಕೊಂಡರು, ಗ್ಯಾಸ್ ಏಜೆನ್ಸಿಯ ನಂಬರಿನ ಕೆಳಗೆ. ನಿವೃತ್ತ ಸೈನಿಕನಿಗೂ ಸರ್ಕಾರಕ್ಕೂ ವರ್ಷಕ್ಕೊಮ್ಮೆ ಖಚಿತವಾಗಿ ನಡೆಯುವ ಮಾತುಕತೆ ಒಂದಿದೆ, ಪಿಂಚಣಿಗೆ ಬೇಕಾದ ಜೀವಿತ ಪ್ರಮಾಣಪತ್ರ. ಬದುಕಿದ್ದೀಯಾ ಎಂದು ಕೇಳುತ್ತಾರೆ, ಬೆರಳೊತ್ತಿ ಹೌದು ಎನ್ನಬೇಕು. ಹೇಗಿದ್ದೀಯಾ ಎಂಬ ಕಲಂ ಆ ನಮೂನೆಯಲ್ಲಿಲ್ಲ. ಅಲ್ಲೇ ಕೆಳಗೆ 14416 ಎಂದು ಅಚ್ಚು ಹಾಕಲು ಎಷ್ಟು ಶಾಯಿ ಬೇಕು?

ಕಳೆದ ತಿಂಗಳು ಅಮ್ಮನಿಗೆ ಈ ಚಿತ್ರ ತೋರಿಸಿದೆ. ಇಂಗ್ಲಿಷ್ ಅವಳಿಗೆ ಅಷ್ಟಕ್ಕಷ್ಟೇ, ನಾನು ಪಕ್ಕದಲ್ಲಿ ಕೂತು ಅರ್ಥ ಹೇಳುತ್ತಾ ಹೋದೆ. ಸ್ವಲ್ಪ ಹೊತ್ತಾದ ಮೇಲೆ ಬೇಡ ಅಂದಳು, ತನಗೆ ತಿಳಿಯುತ್ತಿದೆ ಎಂದು. ಆ ಕಡೆಯವರು ಏನಂದರು ಎಂಬುದನ್ನು ನನಗಿಂತ ಮೊದಲೇ ಅವಳು ಹೇಳಿಬಿಡುತ್ತಿದ್ದಳು. “ಈಗ ಅವನು ಅತ್ತ. ಈಗ ಸುಮ್ಮನಾದ. ಇವರು ಮಾತನಾಡಬಾರದು ಈಗ.” ತೆರೆಯ ಮೇಲಿದ್ದವರೂ ಮಾತನಾಡಲಿಲ್ಲ. ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದಳು: ರಾತ್ರಿ ಪಾಳಿಯವರಿಗೆ ಸಂಬಳ ಹೆಚ್ಚು ಕೊಡುತ್ತಾರಾ? ಅಲ್ಲಿನ ಕೇಂದ್ರ ಸರ್ಕಾರಿ ನೌಕರರಿಗೆ ರಾತ್ರಿ ಕೆಲಸಕ್ಕೆ ನೂರಕ್ಕೆ ಹತ್ತು ಹೆಚ್ಚು ಎಂದು ಹುಡುಕಿ ಹೇಳಿದೆ.

“ಹತ್ತೇನಾ?” ಅಂದಳು. “ಇಪ್ಪತ್ತೈದಾದರೂ ಕೊಡಬೇಕು.”